ಟೆಸ್ ಓದಿಕೊಂಡು ಬಂದದ್ದು

ಗುರುವಾರ ಮಧ್ಯಾಹ್ನ ಕಾಲೇಜಿನ ಹತ್ತು ಮಕ್ಕಳು ವ್ಯಾನಿನಲ್ಲಿ ನಮ್ಮ ಜೈಲಿಗೆ ಬರುತ್ತಿದ್ದರು. ಒಳಗಿನವರು ನಾವೂ ಹತ್ತು ಜನ. ಒಬ್ಬ ಕೈದಿ, ಪಕ್ಕದಲ್ಲಿ ಒಬ್ಬ ವಿದ್ಯಾರ್ಥಿ, ಹೀಗೆ ಜೋಡಿಯಾಗಿ ಕೂರಿಸಿ ಪ್ರೊಫೆಸರ್ ಹಾಲೊರನ್ ನಮಗೆ ಬರೆಯುವುದನ್ನು ಕಲಿಸುತ್ತಿದ್ದರು. ಮನೆತನದ ಹೆಸರು ಹೇಳುವಂತಿಲ್ಲ, ನಾವು ಯಾಕೆ ಒಳಗಿದ್ದೇವೆಂದು ಮಕ್ಕಳು ಕೇಳುವಂತಿಲ್ಲ, ಇಂಟರ್‌ನೆಟ್ಟಿನಲ್ಲಿ ಹುಡುಕುವಂತೆಯೂ ಇಲ್ಲ.

ನನ್ನ ಜೋಡಿ ಟೆಸ್ ಎಂಬ ಹುಡುಗಿ. ನಾನು ಬರೆದದ್ದನ್ನು ಎರಡೆರಡು ಸಲ ಓದುತ್ತಿದ್ದಳು, ತನ್ನದನ್ನು ಮಾತ್ರ ಮೂರು ಸಾಲಿಗೆ ಮುಗಿಸುತ್ತಿದ್ದಳು. ಆರು ವರ್ಷದಿಂದ ನನ್ನ ಸೆಲ್ಲಿನಲ್ಲೇ ಇದ್ದ ಮೋಸ್ಲಿಯೂ ಆ ತರಗತಿಯಲ್ಲಿದ್ದ. ಅವನಿಗೆ ಅವಳ ಮೇಲೆ ಮೊದಲ ದಿನದಿಂದಲೇ ಅನುಮಾನ.

"ಆ ಹುಡುಗಿ ನಿನ್ನ ಮುಖ ನೋಡಲ್ಲ ಕಣೋ ಥಡಿಯಸ್, ಅಂಗಿ ನೋಡ್ತಾಳೆ," ಎಂದ.

ಅಂಗಿಯ ಮೇಲೆ ಇದ್ದದ್ದು ನನ್ನ ಕೈದಿ ನಂಬರು. ಅಂದಿನಿಂದ ನಾನೂ ಅವಳನ್ನು ಗಮನಿಸತೊಡಗಿದೆ. ಪುಸ್ತಕಕ್ಕೆ ಸರಕು ಹುಡುಕುತ್ತಿದ್ದಾಳೋ, ವಕೀಲರ ಕಡೆಯವಳೋ, ತಿಳಿಯಲಿಲ್ಲ.

ಐದನೇ ವಾರ ನಾನು ಕೊಲೆಯ ಬಗ್ಗೆಯೇ ಬರೆದೆ. ಆಗ ನನಗೆ ಇಪ್ಪತ್ತು ವರ್ಷ. ಪೆಟ್ರೋಲ್ ಬಂಕಿನ ಅಂಗಡಿಗೆ ಪಿಸ್ತೂಲು ಹಿಡಿದು ನುಗ್ಗಿದ್ದೆ, ಅಂಗಡಿಯ ಲಿಸ್ಕ್ ಎಂಬ ಮುದುಕ ಗಲ್ಲಾಪೆಟ್ಟಿಗೆ ಬಿಡಲಿಲ್ಲ, ಗುಂಡು ಹಾರಿಸಿದೆ. ಅಲ್ಲಿ ನಾವಿಬ್ಬರೇ ಇದ್ದೆವು ಎಂದು ಬರೆದೆ.

ಟೆಸ್ ಓದಿ ಮುಗಿಸಿ, ಹಾಳೆಯಿಂದ ತಲೆ ಎತ್ತದೆ, "ಅವರ ಹೆಂಡತಿ ಹಿಂದಿನ ಕೋಣೇಲಿ ಇದ್ರಲ್ವಾ?" ಎಂದಳು.

ನಾನು ಹಾಳೆಯನ್ನು ಅವಳ ಕೈಯಿಂದ ಎಳೆದುಕೊಂಡೆ.

"ನಿನಗೆ ಯಾರು ಹೇಳಿದ್ರು?"

"ಮೊದಲನೇ ವಾರಾನೇ ನಿಮ್ಮ ನಂಬರ್ ಹಾಕಿ ಹುಡುಕಿದೆ. ಹಳೇ ಪೇಪರ್ ಸಿಕ್ತು. ಯಾರ ಪಕ್ಕ ಕೂತಿದೀನಿ ಅಂತ ಗೊತ್ತಾಗದೆ ಭಯ ಆಗ್ತಿತ್ತು."

ಕೋಪ ನೆತ್ತಿಗೇರಿತು. ಆದರೆ ಅವಳು ನಿಯಮ ಮುರಿದಿದ್ದರೆ ನಾನು ಸುಳ್ಳು ಬರೆದಿದ್ದೆ. ತಪ್ಪೊಪ್ಪಿಕೊಂಡಿದ್ದರಿಂದ ನನ್ನ ವಿಚಾರಣೆಯೇ ನಡೆದಿರಲಿಲ್ಲ. ಹಾಗಾಗಿ ಲಿಸ್ಕ್‌ನ ಹೆಂಡತಿ ಸಾಕ್ಷಿ ಹೇಳಲು ಕೋರ್ಟಿಗೆ ಬಂದಿರಲಿಲ್ಲ. ಆಕೆ ಪೇಪರಿನವರಿಗೆ ಏನು ಹೇಳಿದ್ದಳೆಂದು ಕೇಳಿದೆ.

"ಬಾಗಿಲು ಸ್ವಲ್ಪ ತೆರೆದು ನೋಡಿದೆ, ಆ ಹುಡುಗನೂ ನನ್ನನ್ನ ನೋಡಿದ, ಗಂಡನ್ನ ಉಳಿಸ್ಕೊಳ್ಳೋಕೆ ಬೇಡಿಕೊಂಡೆ ಅಂತ."

ಅದು ನಿಜ. ಹತ್ತೊಂಬತ್ತು ವರ್ಷ ನಾನು ಅದನ್ನು ಯಾರಿಗೂ ಹೇಳಿರಲಿಲ್ಲ.

ಟೆಸ್ ಆ ದಿನವೇ ಹಾಲೊರನ್‌ ಅವರ ಬಳಿ ಹೋಗಿ ಎಲ್ಲ ಒಪ್ಪಿಕೊಂಡಳಂತೆ. ಅವಳನ್ನು ತರಗತಿಯಿಂದ ತೆಗೆಯುವ ಮಾತು ಬಂತು. ತೆಗೆಯುವುದು ಬೇಡ, ಇರಲಿ ಎಂದು ನಾನು ಹಾಲೊರನ್ ಅವರಿಗೆ ಒಂದು ಚೀಟಿ ಬರೆದುಕೊಟ್ಟೆ. ಅದು ಕಾವಲಿನ ಅಧಿಕಾರಿಯ ಕೈಗೆ ಹೋಯಿತು. ಆ ಹುಡುಗಿ ಮೇಲೆ ನಿನಗೇಕಿಷ್ಟು ಕಾಳಜಿ, ಒಳಗೆ ಏನಾದರೂ ತಂದುಕೊಡುತ್ತಿದ್ದಾಳೆಯೇ ಎಂದು ಅವನು ಮತ್ತೆ ಮತ್ತೆ ಕೇಳಿದ. ಸೆಲ್ ಜಾಲಾಡಿದರು. ಹಾಸಿಗೆ ಹರಿದರು, ಮೋಸ್ಲಿಯ ಕಾಫಿಪುಡಿಯನ್ನೂ ನೆಲಕ್ಕೆ ಸುರಿದರು. ಏನೂ ಸಿಗದೆ ನನ್ನ ನೋಟುಬುಕ್ಕು ಒಯ್ದು ನಾಲ್ಕು ದಿನ ಇಟ್ಟುಕೊಂಡರು.

ಟೆಸ್ ಉಳಿದಳು, ಆದರೆ ಅವಳನ್ನು ಬೇರೆ ಕೈದಿಯ ಪಕ್ಕ ಕೂರಿಸಿದರು. ಕೊನೆಯ ತರಗತಿಯಲ್ಲಿ ಎಲ್ಲರೂ ಗಟ್ಟಿಯಾಗಿ ಓದಬೇಕಿತ್ತು. ನಾನು ಹೊಸದಾಗಿ ಬರೆದದ್ದನ್ನು ಓದಿದೆ. ಬಾಗಿಲ ಸಂದಿನ ಆ ಹೆಂಗಸು, ಅವಳು ಬೇಡಿಕೊಂಡದ್ದು, ಬೇಡಿಕೊಂಡ ಮೇಲೂ ನಾನು ಗುಂಡು ಹಾರಿಸಿದ್ದು, ಯಾವುದನ್ನೂ ಬಿಡಲಿಲ್ಲ. ಟೆಸ್ ತಲೆ ತಗ್ಗಿಸಿಕೊಂಡೇ ಕೇಳಿದಳು. ಹಾಲೊರನ್ ಥ್ಯಾಂಕ್ಸ್ ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು.

ಸಂಜೆ ಕೈದಿಗಳ ಎಣಿಕೆಗೆ ನಿಂತಾಗ ಮೋಸ್ಲಿ ನನ್ನಿಂದ ಒಂದು ಹೆಜ್ಜೆ ದೂರ ಸರಿದು ನಿಂತ.

"ಆರು ವರ್ಷದಿಂದ ನಂಗೆ ಬೇರೆ ಕತೆ ಹೇಳ್ತಾ ಬಂದಿದೀಯ," ಎಂದ. "ಇನ್ನೂ ಏನೇನು ಮುಚ್ಚಿಟ್ಟಿದೀಯ?"

ಏನೂ ಇಲ್ಲ ಎಂದೆ. ಅವನು ನಂಬಲಿಲ್ಲ.