ಜಗಲಿಯವರ ನಳಿಗೆ

“ಕಾಲು ಅಗಲಿಸೇ ಮುಂಡೆ. ಬಸುರಾಗುವಾಗ ಇಲ್ಲದ ನಾಚಿಕೆ ಈಗೆಲ್ಲಿಂದ ಬಂತು?”

ಧರ್ಮಾಸ್ಪತ್ರೆಯ ಕಂಪೌಂಡರ್ ಗಜಾನನ ಮೆಟ್ಟಿಲಾಚೆ ನಿಂತು ಕೋಲಿನಿಂದ ತೋರಿಸುತ್ತಿದ್ದ. ಜಗಲಿಯ ಗೋಣಿಯ ಮೇಲೆ ಮಲಗಿದ್ದ ದುಗ್ಗಮ್ಮ ಕಣ್ಣು ಮುಚ್ಚಿಕೊಂಡಳು. ಸತ್ತ ಕೂಸನ್ನು ಹೆತ್ತ ಮೇಲೆ ಅವಳಿಗೆ ಉಚ್ಚೆ ಕಟ್ಟಿತ್ತು. ಮೈಲಿಗೆಯೆಂದು ಅವಳನ್ನು ಮುಟ್ಟದ ಗಜಾನನ, ಉಚ್ಚೆ ಇಳಿಸುವ ರಬ್ಬರ್ ನಳಿಗೆ ತೂರಿಸುವ ಕೆಲಸವನ್ನು ಅವಳ ತಾಯಿ ಹುಲಿಯಮ್ಮನಿಗೇ ಹಚ್ಚಿದ್ದ. ನಾಟಿಯ ಕೆಸರು ಹುಲಿಯಮ್ಮನ ಉಗುರಿನ ಸಂದಿಯಿಂದ ಇನ್ನೂ ಹೋಗಿರಲಿಲ್ಲ.

“ಮೇಲೆ ಕಣೇ, ಮೇಲೆ. ಸಸಿ ನೆಟ್ಟ ಹಾಂಗೆ ಚುಚ್ಬೇಡ.”

ಒಳಗಿನ ವಾರ್ಡಿನವರ ನಳಿಗೆಗಳು ಹಿತ್ತಿಲ ಒಲೆಯ ಮೇಲೆ ಹಿತ್ತಾಳೆ ತಪ್ಪಲೆಯಲ್ಲಿ ಕುದಿಯುತ್ತಿದ್ದವು. ಜಗಲಿಯವರಿಗೆಲ್ಲ ಸೇರಿ ಒಂದೇ ನಳಿಗೆ, ಕಂಬದ ಮೊಳೆಗೆ ನೇತಾಡುವುದು. ಬೆಳಿಗ್ಗೆ ಅದನ್ನು ಪಕ್ಕದ ಗೋಣಿಯ ಮುದುಕ ಬೆಳ್ಳಪ್ಪನಿಗೆ ಹಾಕಿದ್ದರು. ಅವನ ಉಚ್ಚೆಯಲ್ಲಿ ಕೀವು.

“ಒಡೆಯಾ, ಇದನ್ನೂ ಒಂದ್ಸಲ ಕುದ್ಸಿ ಕೊಡಿ,” ಎಂದಳು ಹುಲಿಯಮ್ಮ.

“ಒಳಗೆ ವಾಗ್ದೇವಮ್ಮೋರು ಮಲಗಿದಾರೆ. ಅವರ ನಳಿಗೆ ಜೊತೆ ನಿನ್ನ ಮಗಳದ್ದು ಬೇಯಿಸ್ಲಾ?”

“ನಾ ಬ್ಯಾರೆ ಗಡಿಗೆ ತರ್ತೀನಿ.”

“ಬೆಂಕಿ ಒಂದೇ ಅಲ್ವೇನೇ? ಅದನ್ನೂ ಬೇರೆ ತರ್ತೀಯಾ?”

ಮರುದಿನ ಬೆಳಗಾಗುವ ಮೊದಲೇ ಬೆಳ್ಳಪ್ಪ ಸತ್ತ. ದುಗ್ಗಮ್ಮನಿಗೆ ಚಳಿಜ್ವರ ಹಿಡಿದು ಹಲ್ಲು ಕಟಕಟಿಸುತ್ತಿದ್ದವು. ನಳಿಗೆಯಿಂದ ಇಳಿದದ್ದು ಅಕ್ಕಿ ತೊಳೆದ ನೀರಿನಂತಿತ್ತು, ನಾರುತ್ತಿತ್ತು.

ಡಾಕ್ಟರು ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಿಂದಲೇ ಇಣುಕಿದರು. “ತೊಳ್ಕೊಳ್ಳೋ ಅಭ್ಯಾಸ ಇಲ್ಲ ಇವರಿಗೆ. ಅದಕ್ಕೇ ಬರೋದಿದು. ಪೆನ್ಸಿಲಿನ್ ಒಳಗಿನವರಿಗೇ ಸಾಲದು. ಆನಂದಪುರದ ಆಸ್ಪತ್ರೆ ಕಡೆ ಗಾಡಿ ಸಿಕ್ಕರೆ ಇವಳನ್ನ ಹತ್ತಿಸಿಬಿಡಿ.”

“ತೊಳ್ಕಳಾಕೆ ಬಾವಿ ಹತ್ರ ಬಿಟ್ರಾ ಒಡೆಯಾ?” ಎಂದಳು ಹುಲಿಯಮ್ಮ.

ಡಾಕ್ಟರು ಆಗಲೇ ಒಳಗೆ ಹೋಗಿದ್ದರು.

ಮಧ್ಯಾಹ್ನಕ್ಕೆ ಮಗಳ ಕಿಬ್ಬೊಟ್ಟೆ ಮತ್ತೆ ಕಲ್ಲಿನಂತಾಯಿತು. ಹುಲಿಯಮ್ಮ ಮೊಳೆಯಿಂದ ನಳಿಗೆ ತೆಗೆದುಕೊಂಡಳು. ಮಗಳ ಹತ್ತಿರ ಹೋಗದೆ ಗೋಡೆ ಬಳಸಿ ಹಿತ್ತಿಲಿಗೆ ನಡೆದಳು. ಒಲೆಯ ಮೇಲೆ ತಪ್ಪಲೆ ಕುದಿಯುತ್ತಿತ್ತು. ಕೈಲಿದ್ದುದನ್ನು ಅದರೊಳಗೆ ಬಿಟ್ಟಳು. ನಳಿಗೆ ಉಳಿದವುಗಳ ನಡುವೆ ಸುತ್ತಿಕೊಂಡು ಮುಳುಗಿತು. ಯಾವುದು ಯಾರದ್ದೆಂದು ಗುರುತು ಸಿಗಲಿಲ್ಲ.

“ಏನ್ ಮಾಡ್ದೆ ಸೂಳೆ? ಚೆಲ್ಲು ಅದನ್ನ.” ಗಜಾನನ ಹಿತ್ತಿಲ ಬಾಗಿಲಲ್ಲಿ ನಿಂತಿದ್ದ.

ಹುಲಿಯಮ್ಮ ಬಿಸಿ ತಪ್ಪಲೆಗೆ ಅಂಗೈ ಒತ್ತಿ ತೆಗೆದಳು. “ಈಗ ತಪ್ಪಲೆನೂ ಮುಟ್ಟೀನಿ. ನೀನೇ ಬಂದು ಚೆಲ್ಲೋ.”

ಅವನು ಹೊಸ್ತಿಲು ದಾಟಲಿಲ್ಲ.

ಜಗಲಿಯಿಂದ ದುಗ್ಗಮ್ಮ ಕೂಗಿದಳು. “ಅವ್ವಾ, ಹೊಟ್ಟೆ ಒಡಿತೈತೆ, ಬಾರೇ.”

ಎಷ್ಟು ಹೊತ್ತು ಕುದಿಯಬೇಕೋ ಹುಲಿಯಮ್ಮನಿಗೆ ಗೊತ್ತಿರಲಿಲ್ಲ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಇನ್ನೊಂದು ಕೊಳ್ಳಿಯನ್ನು ಒಳಕ್ಕೆ ನೂಕಿದಳು.