ಇಳಿಸುವುದಷ್ಟೇ ಕಲಿತವಳು

೧.
ವಿಮಾನ ಇಳಿಯುವ ಕಥೆಯನ್ನು ಎಲ್ಲಿಂದ ಶುರು ಮಾಡೋದು, ಓದುಗರೇ? ಮೊದಲು ಹೀಗೆ ಬರೆದೆ: 'ಭಾನುವಾರ ಬಂತೆಂದರೆ ಹಲ್ಲಿನ ಡಾಕ್ಟರು ತಮ್ಮ ಪುಟ್ಟ ವಿಮಾನದಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಊರ ಮೇಲೊಂದು ಸುತ್ತು ಹೊಡೆಯುತ್ತಿದ್ದರು.' ಚೆನ್ನಾಗಿದೆ. ಆದರೆ ಕಥೆ ಅವರದಲ್ಲ. ಹರಿದು ಹಾಕಿದೆ.

೨.
ಹೆಂಡತಿಯಿಂದಲೇ ಶುರು ಮಾಡುತ್ತೇನೆ. ಹೋದ ವರ್ಷ ಡಾಕ್ಟರ ಎದೆಯೊಳಗೆ ಸ್ಟೆಂಟ್ ಕೂತಿತು. ಆಮೇಲೆ, ಹಾರಬಹುದು ಎಂಬ ಸರ್ಟಿಫಿಕೇಟೂ ಸಿಕ್ಕಿತು. ಅವಳು ಮಾತ್ರ, ಗಂಡ ಕ್ಲಿನಿಕ್ಕಿನಲ್ಲಿರುವ ಹೊತ್ತು ನೋಡಿಕೊಂಡು, ಫ್ಲೈಯಿಂಗ್ ಕ್ಲಬ್ಬಿನಲ್ಲಿ ಪಾಠ ಹೇಳುವ ಮೇಡಮ್ ಹತ್ತಿರ ಗುಟ್ಟಾಗಿ ಒಂದೇ ವಿದ್ಯೆ ಕಲಿಯತೊಡಗಿದಳು: ಇಳಿಸುವುದು. (ಹಾರಿಸುವುದು ಬೇಡವಂತೆ. "ಅದಕ್ಕೆ ಅವರಿದ್ದಾರಲ್ಲ" ಎಂದಳು.)

ಗೊತ್ತಾದರೆ ಅವರ ಮನಸ್ಸು ಮುರಿಯುತ್ತದೆ. 'ನಾನು ಸಾಯ್ತೀನಿ ಅಂತ ತಯಾರಾಗ್ತಿದೀಯಾ?' ಎಂದುಬಿಟ್ಟರೆ?

೩.
ಇವತ್ತು. ರನ್‌ವೇ ಎದುರಿಗೇ ಇದೆ. ಇಳಿಯುವಾಗ ಪಕ್ಕದವರು ತುಟಿ ಬಿಚ್ಚಬಾರದು ಎಂಬುದು ಡಾಕ್ಟರ ಕಟ್ಟಪ್ಪಣೆ. ಆದರೆ ವಿಮಾನ ತೀರ ಎತ್ತರದಲ್ಲಿದೆ, ವೇಗವೂ ಹೆಚ್ಚು. ಅವರು ಅದರ ಮೂಗು ತಗ್ಗಿಸಿ ಹೇಗಾದರೂ ನೆಲ ಮುಟ್ಟಿಸಲು ಹೊರಟಿದ್ದಾರೆ. ಹೀಗಿಳಿದರೆ ರನ್‌ವೇ ಸಾಲುವುದಿಲ್ಲ. ಅವಳಿಗೆ ಗೊತ್ತು.

(ಇಲ್ಲಿ ಅವಳನ್ನು ಸುಮ್ಮನಿರಿಸಿದ್ದೆ. ಗುಟ್ಟು ಉಳಿಯಲಿ ಎಂದು. "ಗುಟ್ಟು ಕಟ್ಕೊಂಡು ಏನ್ ಮಾಡ್ಲಮ್ಮಾ? ಅವರು ಉಳೀಬೇಡ್ವಾ?" ಎಂದು ನನ್ನ ಮೇಲೇ ರೇಗಿದಳು.)

"ರೀ, ಸ್ಪೀಡ್ ಜಾಸ್ತಿ ಇದೆ. ಇಳಿಸ್ಬೇಡಿ. ಮೇಲೇರಿಸಿ, ಇನ್ನೊಂದು ಸುತ್ತು ಬರೋಣ."

ಅವರ ಕೈ ತಾನಾಗಿಯೇ ಥ್ರಾಟಲ್ ತಳ್ಳಿತು, ಎಂಜಿನ್ ಮೊರೆಯಿತು. ನೆಲ ದೂರವಾಯಿತು.

೪.
"ಯಾರು ಹೇಳ್ಕೊಟ್ಟಿದ್ದು?"

"ಕ್ಲಬ್ ಮೇಡಮ್."

"ಯಾವಾಗಿಂದ?"

"ನೀವು ಆಸ್ಪತ್ರೆಯಿಂದ ಬಂದ್ಮೇಲೆ."

ಡಾಕ್ಟರು ವಿಮಾನವನ್ನು ಊರ ಮೇಲೆ ತಿರುಗಿಸಿದರು. ಕೆಳಗೆ ತಾರಸಿಗಳ ಮೇಲೆ ಒಣಗಲು ಹಾಕಿದ ಬಟ್ಟೆಗಳು ಹಿಂದೆ ಸರಿಯುತ್ತಿದ್ದವು.

ಮುಕ್ತಾಯ ಒಂದು: ಅವರು ಮುನಿಸಿಕೊಂಡು ವಿಮಾನ ಮಾರುತ್ತಾರೆ. (ಡಾಕ್ಟರೇ ಒಪ್ಪಲಿಲ್ಲ. "ಮಾರೋಕೆ ಇದೇನು ನಿಮ್ಮಪ್ಪನ ಮನೆ ವಿಮಾನಾನಾ?")

ಮುಕ್ತಾಯ ಎರಡು: ಕಣ್ಣೀರು, ಅಪ್ಪುಗೆ. (ಆಗ ವಿಮಾನ ಯಾರು ಹಿಡಿದಿರುತ್ತಾರೆ? ನಾನಾ?)

ಆದದ್ದು ಇಷ್ಟೇ. ಸುತ್ತು ಮುಗಿದು ರನ್‌ವೇ ಮತ್ತೆ ಎದುರಾದಾಗ ಡಾಕ್ಟರು ವೇಗದ ಮುಳ್ಳಿನತ್ತ ಬೆರಳು ತೋರಿಸಿದರು.

"ನಾನು ಹೊರಗೆ ನೋಡ್ತೀನಿ. ನೀನು ಸ್ಪೀಡ್ ಓದಿ ಹೇಳ್ತಾ ಇರು."

"ಬೈಯಲ್ವಾ?"

"ಬೈತೀನಿ. ಇಳಿದ್ಮೇಲೆ."

"ಎಪ್ಪತ್ತು," ಎಂದಳು. "ಅರವತ್ತೈದು... ಸರಿ ಇದೆ ರೀ."

"ಹೂಂ. ಹೇಳು."

೫.
ಇಳಿಸಿಬಿಡಲೇ? ಇಳಿಸಬಹುದು. ಆದರೆ ಚಕ್ರ ನೆಲಕ್ಕೆ ತಾಕಿದ ಕೂಡಲೇ ಇವರು ಬೆಲ್ಟ್ ಬಿಚ್ಚಿ, ಬಾಗಿಲು ತೆಗೆದು, ಆಚೆಗೊಬ್ಬರು ಈಚೆಗೊಬ್ಬರು ಇಳಿದುಬಿಡುತ್ತಾರೆ. ಅವರನ್ನು ಬೇರೆ ಮಾಡುವುದು ನನ್ನಿಂದಾಗದು. ಅವಳು ಓದುತ್ತಿದ್ದಾಳೆ, ಅವರು ಹೂಂಗುಟ್ಟುತ್ತಿದ್ದಾರೆ. ನೆಲ ಇನ್ನೂ ಸ್ವಲ್ಪ ಕೆಳಗೇ ಇದೆ.