ಪ್ರಭುವಿನ ದೀಪಕಂಬ ತಿಕ್ಕಿದ್ದು

“ಏಳು ಕೈ ಇದ್ದು ಒಂದು ಕೊಡಪಾನ ನೀರು ಎತ್ತಲಿಕ್ಕಾಗದ ಇದು ಎಂತ ಜನ್ಮವೋ?”

ಕೇಳಿದ್ದು ಹೊರಗೆಲಸದ ತನಿಯಾರು, ಅಂಗಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಯಾರನ್ನೂ ಅಲ್ಲ. ಅವಳ ಮುಂದಿದ್ದದ್ದು ಏಳು ಕವಲಿನ ಬೆಳ್ಳಿಯ ಮೇಣಬತ್ತಿ ಕಂಬ. ಫ್ರಾನ್ಸಿನ ಯಾವುದೋ ಪ್ರಭುವಿನ ಊಟದ ಮೇಜಿನ ಮೇಲೆ ಇನ್ನೂರು ವರ್ಷದ ಹಿಂದೆ ಉರಿದದ್ದಂತೆ. ಆ ಪ್ರಭುವಿನ ಹೆಸರನ್ನು ಈ ಮನೆಯ ಯಜಮಾನ ಕೆದಂಬಾಡಿಯ ಮಹಾಗಣಪತಿ ಧಣಿಗಳು ದಿನಕ್ಕೊಂದು ಬಗೆಯಲ್ಲಿ ಉಚ್ಚರಿಸುತ್ತಿದ್ದರು. ಅವನ ವಂಶಾವಳಿ ಮಾತ್ರ ತಮ್ಮ ಗೋತ್ರಪ್ರವರದ ಹಾಗೆ ಬಾಯಿಪಾಠ. ಕಂಬ ಮಾರಿದ ಕೊಚ್ಚಿಯ ವ್ಯಾಪಾರಿ ಕೊಟ್ಟ ಸರ್ಟಿಫಿಕೇಟು ಚೌಕಟ್ಟು ಹಾಕಿಸಿಕೊಂಡು ದೇವರ ಪಟಗಳ ಸಾಲಿನಲ್ಲಿತ್ತು.

ದನ, ಹಂದಿ, ಮದ್ಯ ಎಲ್ಲ ಕಂಡುಂಡು ಬಂದ ಕಂಬ ನೆಟ್ಟಗೆ ಚಾವಡಿ ಸೇರಿತ್ತು. ಅದಕ್ಕೆ ಯಾವ ಶುದ್ಧವೂ ಬೇಕಾಗಿರಲಿಲ್ಲ. ತನಿಯಾರು ತಿಕ್ಕಿಕೊಟ್ಟ ಮೇಲೆ ಮಾತ್ರ ಧಣಿಗಳ ಹೆಂಡತಿ ಶಂಕರಿ ಅಕ್ಕ ನೀರು ಚಿಮುಕಿಸಿ ಒಳಗೆ ಒಯ್ಯಬೇಕು. ಮೂವತ್ತು ವರ್ಷದಿಂದ ಈ ಮನೆಯ ಪಾತ್ರೆ, ದೀಪಗಳೆಲ್ಲ ಒಳಗೆ ಹೋದದ್ದು ಹಾಗೆಯೇ, ತಿಕ್ಕಿದವಳು ಹೋದದ್ದಿಲ್ಲ.

ಅಂದು ಮಗ ಚಿನ್ಮಯನ ಸಂಬಂಧಕ್ಕೆ ಮೈಸೂರಿನ ಹೆಣ್ಣಿನ ಕಡೆಯವರು ಬರುವವರಿದ್ದರು. ಅರಮನೆಯ ಸಹವಾಸದ ಮನೆತನ. ಕಂಬ ಪಳಪಳ ಹೊಳೆಯಬೇಕೆಂದು ಅಕ್ಕನ ಅಪ್ಪಣೆ. ತನಿಯಾರು ತನಗೆ ತಿಳಿದ ವಿದ್ಯೆಯನ್ನೇ ಹಿಡಿದಳು: ಹುಣಸೆಹುಳಿ, ಬೂದಿ, ತೆಂಗಿನ ನಾರು. ಪ್ರಭುವಿಗೆ ಅಷ್ಟು ಉಪಚಾರ ತಡೆಯಲಿಲ್ಲ. ಎರಡನೆಯ ಕವಲು ಮುಗಿಯುವಾಗ ಬೆಳ್ಳಿ ಎದ್ದುಹೋಗಿ ತಾಮ್ರದ ಕೆಂಪು ಇಣುಕಿತು.

ಧಣಿಗಳು ಓಡಿಬಂದರು.

“ಎಂತ ಮಾಡಿದೆ, ಬೇವರ್ಸಿ ರಂಡೆ?”

“ತಿಕ್ಕಿದೆ ಧಣಿ. ಒಳಗಿದ್ದದ್ದು ಹೊರಗೆ ಬಂತು.”

ಅವರು ಮೂರನೆಯ ಕವಲನ್ನು ಸ್ವತಃ ಉಜ್ಜಿ ನೋಡಿದರು. ಅದೂ ಕೆಂಪು. ಮುಖವೂ. ಒಳಗೆ ಹೋಗಿ ಹೆಂಡತಿಯ ಹತ್ತಿರ ಗುಸುಗುಸು ಮಾಡಿ ಬಂದಾಗ ಸ್ವರಕ್ಕೆ ಜೇನು ಸವರಿತ್ತು. ಏರ್ಪಾಡು ಸುಲಭದ್ದು. ನಿಜವಾದ ಕಂಬವನ್ನು ತನಿಯಾರು ಕದ್ದು, ಈ ತಾಮ್ರದ್ದನ್ನು ಇಟ್ಟಿದ್ದಾಳೆ ಎಂದು ಹೇಳುವುದು. ನೆಂಟರ ಎದುರು ಅತ್ತು ಒಪ್ಪಿಕೊಂಡರೆ ಸಾಕು, ಪೊಲೀಸರಿಗೆ ಹೇಳುವುದಿಲ್ಲ; ಅಲ್ಲಿಯೇ ಕ್ಷಮಿಸುವುದು. ಮನೆತನದ ಔದಾರ್ಯವೂ ನಾಲ್ಕು ಜನಕ್ಕೆ ಕಂಡ ಹಾಗಾಯಿತು. ಅವಳ ಮನೆಯ ಮಾಡಿಗೆ ಹೊಸ ಶೀಟು ಹಾಕಿಸುವ ಮಾತೂ ಬಂತು.

“ಒಂದು ಮಾತು ಅಷ್ಟೆ ಮಾರಾಯ್ತಿ. ಅದರಿಂದ ನಿಮಗೆಲ್ಲ ಹೋಗುದೆಂತ?” ಎಂದರು ಧಣಿಗಳು. “ಮತ್ತೆ, ನಿನ್ನ ಮನೆಗೆ ಹೋಗುವ ದಾರಿ ನಮ್ಮ ಜಾಗದಲ್ಲೇ ಉಂಟು.”

ತನಿಯಾರು ಬಾಗಿಲ ಕಡೆ ನೋಡಿದಳು. ಒಮ್ಮೆ ಬೂದಿಯಲ್ಲಿ ಸಿಕ್ಕಿದ ಶಂಕರಿ ಅಕ್ಕನ ಬೆಂಡೋಲೆಯನ್ನು ಅವಳು ಇದೇ ಮೆಟ್ಟಿಲ ಮೇಲಿಟ್ಟು ಹೋಗಿದ್ದಳು. ಅಕ್ಕ ಅದಕ್ಕೂ ನೀರು ಚಿಮುಕಿಸಿದ್ದರು. ಈಗ ಅದೇ ಓಲೆ ತೊಟ್ಟು ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದರು.

ಕಾರು ಬಂತು. ಇಳಿದ ಹಿರಿಯರು ಚಾವಡಿ ಹತ್ತುವ ಮೊದಲೇ ಕಂಬ ಕಂಡರು. ಇದೇಕೆ ಹೀಗೆ ಕೆಂಪಾಗಿದೆ ಎಂದು ವಿಚಾರಿಸಿದರು. ಧಣಿಗಳು ನಿಟ್ಟುಸಿರು ಬಿಟ್ಟು, ಮನೆಯಾಳುಗಳನ್ನು ನಂಬಿದ್ದೇ ತಪ್ಪೆಂದು ಪೀಠಿಕೆ ಹಾಕಿ ತಿರುಗಿದರು.

“ಹೇಳು ತನಿಯಾರು. ಹೆದರಬೇಡ.”

ಅವಳು ಕೈಯ ಬೂದಿ ತೊಳೆದುಕೊಂಡು ಎದ್ದು ನಿಂತಳು.

“ನಾನು ಹೇಳುದಿಲ್ಲ. ತಾಮ್ರ ನಿಮ್ಮದು, ನೀವೇ ಹೇಳಿ.”